ಗಾಳಿಯಲ್ಲಿ ಪಂಕ್ತಿಭೇದ

ಅಂಧೇರಿಯ ಕನ್ನಡಿಗರಾದ ನಮಗೆ ಇದ್ದುದನ್ನು ಹಂಚಿಕೊಂಡು ಬಾಳುವುದು ಹೊಸ ಪಾಠವಲ್ಲ. ಚಾಳಿನ ಒಂದೇ ನಲ್ಲಿಯ ಮುಂದೆ ಕೊಡಗಳ ಸಾಲು ನಿಲ್ಲಿಸಿದವರು ನಾವು. ಚರ್ಚ್‌ಗೇಟ್ ಲೋಕಲಿನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವರಾಗಿ ಆನಿಕೊಂಡು ಹೋದವರು ನಾವು. ನಲ್ಲಿಯ ಸಾಲಿಗೂ ರೈಲಿನ ಸೀಟಿಗೂ ಅವುಗಳದೇ ಕಟ್ಟಳೆಗಳಿದ್ದವು. ಅವನ್ನು ಯಾರು ಮಾಡಿದರೆಂದು ಯಾರಿಗೂ ತಿಳಿಯದಿದ್ದರೂ, ಮುರಿದವನಿಗೆ ಸುತ್ತಲಿನವರು ಕೂಡಲೇ ತಿಳಿಸುತ್ತಿದ್ದರು. ಈಗ ಇಪ್ಪತ್ತು ವರ್ಷಗಳಿಂದೀಚೆಗೆ ನಾವು ಕಣ್ಣಿಗೆ ಕಾಣದ ಇನ್ನೊಂದು ಸಾಲಿನಲ್ಲಿ ನಿಂತಿದ್ದೇವೆ. ಮನೆಯ ಗೋಡೆಗೆ ತೂಗುಹಾಕಿದ ವೈ-ಫೈ ಪೆಟ್ಟಿಗೆಯ ಮುಂದಿನ ಸಾಲು ಅದು. ಅದರ ಕಟ್ಟಳೆಗಳನ್ನು ಮಾಡಿದವರ ಹೆಸರೂ ಇಸವಿಯೂ ದಾಖಲೆಯಲ್ಲಿವೆ. ಆ ಕತೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಈ ಸಾಲು ಬಹುಮಂದಿಯ ಅರಿವಿಗೆ ಮೊದಲ ಸಲ ಬಂತು. ಹಾಲ್‌ನಲ್ಲಿ ಮಗನ ಆಫೀಸು, ಬೆಡ್‌ರೂಮಿನಲ್ಲಿ ಮೊಮ್ಮಗಳ ಶಾಲೆ, ಹಿಂದಿನ ಕೋಣೆಯ ಮಂಚದ ಮೇಲೆ ಅಜ್ಜನ ಹಳೆಯ ಮೊಬೈಲಿನಲ್ಲಿ ತಾಳಮದ್ದಳೆ. ಕಂಪೆನಿಯವರು ಬಿಲ್ಲಿನ ಮೇಲೆ ಬರೆದುಕೊಟ್ಟ ವೇಗಕ್ಕೇನೂ ಕಡಿಮೆಯಿರಲಿಲ್ಲ. ಆದರೂ ಅಜ್ಜನ ಭಾಗವತರು ಪದ ಎತ್ತಿಕೊಂಡರೆ ಸಾಕು, ಮೊಮ್ಮಗಳ ಟೀಚರು ಬಾಯಿ ತೆರೆದಂತೆಯೇ ಪರದೆಯ ಮೇಲೆ ಕಲ್ಲಾಗಿ ನಿಲ್ಲುತ್ತಿದ್ದರು. “ಕ್ಲಾಸು ಮುಗಿಯೋ ತನಕ ಅದನ್ನು ಬಂದ್ ಮಾಡಿಡಿ ಅಜ್ಜಾ” ಎಂಬ ಮಾತು ನಮ್ಮ ಬಳಗದ ಎಷ್ಟೋ ಮನೆಗಳಲ್ಲಿ ಆಗ ಕೇಳಿಬಂತು. ಹಿರಿಯರು ಮರುಮಾತಾಡದೆ ಆರಿಸಿಟ್ಟರು. ಮೊಮ್ಮಗಳ ಗುಮಾನಿ ಸುಳ್ಳೆಂದು ಹೇಳಲಾರೆವು. ಆದರೆ ತಪ್ಪು ಅಜ್ಜನದೂ ಅಲ್ಲ, ಅವರ ಮೊಬೈಲಿನದೂ ಅಲ್ಲ. ‘ಎಲ್ಲರಿಗೂ ಸಮನಾಗಿ ಸರದಿ’ ಎಂಬ, ಕೇಳುವುದಕ್ಕೆ ಬಹಳ ನ್ಯಾಯವಾಗಿ ತೋರುವ ಒಂದು ಕಟ್ಟಳೆಯೊಳಗೆ ಅದು ಅಡಗಿ ಕುಳಿತಿತ್ತು.

ಕತೆ ಆರಂಭವಾಗುವುದು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ನಾರ್ಮನ್ ಏಬ್ರಮ್ಸನ್ ಮತ್ತು ಅವರ ಸಂಗಡಿಗರು, ದ್ವೀಪಗಳಲ್ಲಿ ಚದುರಿದವರಿಗೂ ವಿಶ್ವವಿದ್ಯಾಲಯದ ಕಂಪ್ಯೂಟರು ಎಟಕುವಂತೆ ಮಾಡಲು ತಂತಿಯ ಬದಲು ರೇಡಿಯೋವನ್ನು ಹಿಡಿದರು. 1971ರಲ್ಲಿ ಕೆಲಸ ಮಾಡತೊಡಗಿದ ಈ ಏರ್ಪಾಟಿಗೆ ಅಲೋಹಾನೆಟ್ ಎಂದು ಹೆಸರು. ಅದರ ಕಟ್ಟಳೆ ತೀರ ಸರಳ. ಹೇಳಬೇಕೆನಿಸಿದಾಗ ಹೇಳಿಬಿಡು, ಇನ್ನೊಬ್ಬನೂ ಅದೇ ಗಳಿಗೆಯಲ್ಲಿ ಬಾಯಿ ಹಾಕಿ ಎರಡೂ ಕೆಟ್ಟರೆ, ಇಷ್ಟೇ ಎಂದು ಗೊತ್ತುಮಾಡದಷ್ಟು ಹೊತ್ತು ಕಾದು ಮತ್ತೆ ಹೇಳು. ನಮ್ಮ ಸಂಘದ ಕೆಲವು ಮಹಾಸಭೆಗಳೂ ಹೀಗೆಯೇ ನಡೆದಿರುವುದುಂಟು. ಲೆಕ್ಕ ಹಾಕಿ ನೋಡಿದಾಗ, ಈ ಕ್ರಮದಲ್ಲಿ ದಾರಿಯ ಸಾಮರ್ಥ್ಯದ ಶೇಕಡಾ 18ರಷ್ಟು ಮಾತ್ರ ನಿಜವಾದ ಉಪಯೋಗಕ್ಕೆ ಬರುವುದೆಂದು ತಿಳಿಯಿತು. ಕಾಲವನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ತುಂಡಿನ ಆರಂಭದಲ್ಲಿ ಮಾತ್ರ ಬಾಯಿ ತೆರೆಯಬೇಕೆಂದು ಲ್ಯಾರಿ ರಾಬರ್ಟ್ಸ್ 1972ರಲ್ಲಿ ಸೂಚಿಸಿದಾಗ ಅದು ಇಮ್ಮಡಿಯಾಗಿ ಶೇಕಡಾ 37ರ ಹತ್ತಿರ ಬಂತು.

ಏಬ್ರಮ್ಸನ್ನರ ಬರಹವನ್ನು ಓದಿ ಸ್ಫೂರ್ತಿಗೊಂಡ ರಾಬರ್ಟ್ ಮೆಟ್ಕಾಫ್ ಎಂಬ ತರುಣ 1973ರಲ್ಲಿ, ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾಲಯದಲ್ಲಿದ್ದುಕೊಂಡು ಈಥರ್ನೆಟ್ಟನ್ನು ರೂಪಿಸಿದರು. ಅಂಧೇರಿಯ ಪೂರ್ವಕ್ಕೆ ಸೀಪ್ಜ್ ಎಲೆಕ್ಟ್ರಾನಿಕ್ ವಲಯ ಹುಟ್ಟಿದ್ದೂ ಅದೇ ವರ್ಷವೆಂಬುದನ್ನು ಇಲ್ಲಿ ನೆನೆಯಬಹುದು. ಈಥರ್ನೆಟ್ ತಂತಿಯ ಮೇಲಿನದು. ಅದರ ವಿಶೇಷವೆಂದರೆ ಮಾತಾಡುವ ಮೊದಲೂ ಮಾತಾಡುತ್ತಿರುವಾಗಲೂ ಕಿವಿಗೊಟ್ಟಿರುವುದು. ಗಾಳಿಯಲ್ಲಿ ಇದು ಸಾಧ್ಯವಾಗಲಿಲ್ಲ. ತಾನೇ ಕೂಗುತ್ತಿರುವ ರೇಡಿಯೋ ಯಂತ್ರಕ್ಕೆ ದೂರದ ಇನ್ನೊಂದರ ಪಿಸುಮಾತು ಕೇಳಿಸುವುದಿಲ್ಲ. ಹೀಗಾಗಿ ಗಾಳಿಯ ಸಾಲಿಗೆ ಬೇರೆಯದೇ ಕಟ್ಟಳೆ ಬೇಕಾಯಿತು.

ಅದಕ್ಕೂ ಮೊದಲು ಜಾಗ ಬೇಕು. ಅಮೆರಿಕದ ಸರಕಾರ 1985ರ ಮೇ ತಿಂಗಳಲ್ಲಿ ರೇಡಿಯೋ ಪಟ್ಟಿಯ ಕೆಲವು ಮೂಲೆಗಳನ್ನು ಲೈಸೆನ್ಸಿಲ್ಲದೆ ಇಂಥ ಸಂಪರ್ಕಕ್ಕೆ ಬಳಸಬಹುದೆಂದು ಸಾರಿತು. ಅಡಿಗೆಮನೆಯ ಮೈಕ್ರೋವೇವ್ ಒಲೆಯ ಸದ್ದುಗದ್ದಲವಿದ್ದ, ಬೇರೆ ಯಾರಿಗೂ ಅಷ್ಟಾಗಿ ಬೇಡದ 2.4 ಗಿಗಾಹರ್ಟ್ಸ್ ಪಟ್ಟಿ ಅವುಗಳಲ್ಲೊಂದು. ನಮ್ಮಲ್ಲಿ 1933ರ ಕಾಯಿದೆಯ ಪ್ರಕಾರ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕಿತ್ತು. ಮನೆಯ ರೇಡಿಯೋಕ್ಕೆ ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದುದು ನಮ್ಮ ಹಿರಿಯ ಓದುಗರಿಗೆ ಮರೆತಿರಲಾರದು. 2.4 ಗಿಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಉಪಕರಣಗಳಿಗೆ ಭಾರತದಲ್ಲಿ ಪೂರ್ತಿ ವಿನಾಯಿತಿ ಸಿಕ್ಕಿದ್ದು 2005ರ ಜನವರಿಯಲ್ಲಿ. ನಮ್ಮ ಮನೆಗಳಿಗೆ ವೈ-ಫೈ ಪೆಟ್ಟಿಗೆ ಬರತೊಡಗಿದ್ದು ಆಮೇಲೆ.

ಗಾಳಿಯ ಸಾಲಿನಲ್ಲಿ ಅನ್ಯಾಯ ನಡೆಯುತ್ತದೆಂಬುದನ್ನು ಮೊದಮೊದಲು ಗಂಭೀರವಾಗಿ ಎತ್ತಿದ ಬರಹಗಳಲ್ಲಿ 1994ರದೊಂದು ಮುಖ್ಯವಾದುದು. ಅದನ್ನು ಬರೆದ ನಾಲ್ವರಲ್ಲಿ ಮೊದಲ ಹೆಸರು ವಡುವೂರ್ ಭರ್ಗವನ್ ಅವರದು. ಅವರು ಕಂಡ ದೋಷ ಹೀಗಿತ್ತು. ಡಿಕ್ಕಿಯಾದಾಗಲೆಲ್ಲ ಸೋತ ಯಂತ್ರ ಮುಂದಿನ ಸಲ ಎರಡರಷ್ಟು ಕಾಯಬೇಕು. ಗೆದ್ದದ್ದು ಮಾತ್ರ ಕಾಯುವ ಹೊತ್ತನ್ನು ಮತ್ತೆ ಕನಿಷ್ಠಕ್ಕೆ ಇಳಿಸಿಕೊಳ್ಳುತ್ತದೆ. ಹೀಗಾಗಿ ಒಮ್ಮೆ ಗೆದ್ದದ್ದೇ ಗೆಲ್ಲುತ್ತ ಹೋಗುತ್ತದೆ, ಸೋತದ್ದು ಬಾಗಿಲಲ್ಲೇ ನಿಂತಿರುತ್ತದೆ. ಗೆದ್ದೆತ್ತಿನ ಬಾಲವನ್ನು ಕಟ್ಟಳೆಯೇ ಹಿಡಿದಂತಾಯಿತು. ಪ್ರತಿಯೊಂದು ಯಂತ್ರವೂ ತಾನು ಎಷ್ಟು ಕಾಯುತ್ತಿರುವೆನೆಂಬುದನ್ನು ತನ್ನ ಸಂದೇಶದೊಡನೆ ಹೇಳಬೇಕು, ಕೇಳಿದವರೆಲ್ಲ ಅದನ್ನೇ ಅನುಸರಿಸಬೇಕು ಎಂಬುದು ಅವರ ಪರಿಹಾರ.

ಇಷ್ಟರಲ್ಲಿ 1990ರಿಂದಲೇ ವಿಕ್ ಹೇಯ್ಸ್ ಎಂಬ ಡಚ್ ಎಂಜಿನಿಯರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತ್ತು. ಜಗತ್ತಿನ ಎಲ್ಲ ಕಂಪೆನಿಗಳಿಗೂ ಒಪ್ಪಿಗೆಯಾಗುವ 802.11 ಎಂಬ ಅಂಕೆಯ ನಿಯಮಾವಳಿಯನ್ನು ಅದು 1997ರಲ್ಲಿ ಹೊರಡಿಸಿತು. ಆಗಿನ ವೇಗ ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್. 1999ರಲ್ಲಿ ಅದು 11ಕ್ಕೆ ಏರಿತು, ಅದೇ ವರ್ಷ ವೈ-ಫೈ ಎಂಬ ಮಾರಾಟದ ಹೆಸರೂ ಬಂತು. 2003ರಲ್ಲಿ ಅದೇ ಪಟ್ಟಿಯಲ್ಲಿ 54. ಅಲ್ಲಿಂದ ಮುಂದಿನ ಏರಿಕೆಗಳನ್ನು ಇಲ್ಲಿ ಎಣಿಸಬೇಕಿಲ್ಲ. ವೇಗದ ಅಂಕೆಗಳು ಪೆಟ್ಟಿಗೆಯ ಮೇಲೆ ಅಚ್ಚಾಗುತ್ತವೆ, ಹಂಚಿಕೆಯ ಕಟ್ಟಳೆ ಎಲ್ಲಿಯೂ ಅಚ್ಚಾಗುವುದಿಲ್ಲ.

ಆ ಕಟ್ಟಳೆಯ ತಿರುಳಿಷ್ಟು. ಮಾತಾಡುವ ಮೊದಲು ಕಿವಿಗೊಡು. ದಾರಿ ಖಾಲಿಯಾದೊಡನೆ ನುಗ್ಗದೆ, ಚೀಟಿ ಎತ್ತಿದಂತೆ ಒಂದು ಸಂಖ್ಯೆಯನ್ನು ಎತ್ತಿ ಅಷ್ಟು ಎಣಿಸಿ ಮುಂದೆ ಬಾ. ಒಂದು ಪೊಟ್ಟಣ ಕಳಿಸು. ಮತ್ತೆ ಸಾಲಿಗೆ ಸೇರು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ದೀರ್ಘಕಾಲದಲ್ಲಿ ಪ್ರತಿಯೊಬ್ಬರಿಗೂ ಅಷ್ಟಷ್ಟೇ ಸರದಿಗಳು. ಆದರೆ ವೈ-ಫೈಗೆ ಇನ್ನೊಂದು ಗುಣವಿದೆ. ಪೆಟ್ಟಿಗೆಯಿಂದ ದೂರ ಹೋದಂತೆ, ನಡುವೆ ಗೋಡೆಗಳು ಬಂದಂತೆ, ಯಂತ್ರ ತನ್ನ ಮಾತಿನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಕಿವಿ ಮಂದವಾದವರೊಡನೆ ನಾವು ಬಿಡಿಬಿಡಿಸಿ ಮಾತಾಡುವ ಹಾಗೆ. 11ರಿಂದ 5.5ಕ್ಕೆ, 2ಕ್ಕೆ, ಕೊನೆಗೆ 1ಕ್ಕೆ. ಒಂದೇ ಗಾತ್ರದ ಪೊಟ್ಟಣವನ್ನು ಕಳಿಸಲು ದೂರದ ಯಂತ್ರಕ್ಕೆ ಹತ್ತಿರದ್ದಕ್ಕಿಂತ ಹನ್ನೊಂದು ಪಟ್ಟು ಹೊತ್ತು ಬೇಕು.

ಇದರ ಫಲವನ್ನು ಫ್ರಾನ್ಸಿನ ಗ್ರೆನೋಬಲ್ ನಗರದ ಮಾರ್ಟಿನ್ ಹ್ಯೂಸ್ ಮತ್ತು ಅವರ ಮೂವರು ಸಹೋದ್ಯೋಗಿಗಳು 2003ರಲ್ಲಿ ತೋರಿಸಿಕೊಟ್ಟರು. ಒಬ್ಬ ನಿಧಾನಿ ಸಾಲಿಗೆ ಬಂದರೆ ಎಲ್ಲರ ವೇಗವೂ ಅವನ ಮಟ್ಟಕ್ಕೇ ಇಳಿಯುತ್ತದೆ. ನಂಬಲು ಕಷ್ಟವೆನಿಸಿದರೆ ಬೆರಳಲ್ಲೇ ಲೆಕ್ಕ ಹಾಕಬಹುದು. ಒಬ್ಬನ ವೇಗ 11, ಇನ್ನೊಬ್ಬನದು 1. ಸರದಿಯಂತೆ ಒಂದೊಂದು ಮೆಗಾಬಿಟ್ ಕಳಿಸುತ್ತ ಹೋದರೆ ಮೊದಲಿನವನಿಗೆ ಬೇಕಾದದ್ದು ಸೆಕೆಂಡಿನ ಹನ್ನೊಂದನೆಯ ಒಂದು ಭಾಗ, ಎರಡನೆಯವನಿಗೆ ಇಡೀ ಸೆಕೆಂಡು. ಸುತ್ತೊಂದಕ್ಕೆ 1.09 ಸೆಕೆಂಡು. ಅಂದರೆ ಒಬ್ಬೊಬ್ಬನಿಗೂ ಸಿಗುವುದು ಸೆಕೆಂಡಿಗೆ 0.92 ಮೆಗಾಬಿಟ್, ಇಬ್ಬರಿಗೂ ಸೇರಿ 1.83. ಕಾಯುವ ಹೊತ್ತು, ರಸೀದಿಯ ಹೊತ್ತುಗಳನ್ನೆಲ್ಲ ಬಿಟ್ಟ ಒರಟು ಲೆಕ್ಕವಿದು. ನಿಜದಲ್ಲಿ ಇನ್ನೂ ಕಡಿಮೆ. 11ರ ವೇಗಕ್ಕೆ ಹಣ ತೆತ್ತವನ ಕೈಗೆ ಬಂದದ್ದು 1ಕ್ಕಿಂತಲೂ ಕಡಿಮೆ!

ನಮ್ಮ ಕಡೆಯ ಮದುವೆಯ ಊಟದ ಪಂಕ್ತಿಯನ್ನು ನೆನೆದುಕೊಂಡರೆ ಇದು ಕೂಡಲೇ ಅರ್ಥವಾಗುತ್ತದೆ. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರಿಗೂ ಒಂದೇ ಬಡಿಸಾಟ, ಎಲ್ಲರೂ ಒಟ್ಟಿಗೇ ಏಳಬೇಕು. ಹಿರಿಯರೊಬ್ಬರು ಮಜ್ಜಿಗೆಯನ್ನಕ್ಕೆ ಬರುವ ತನಕ, ಪಾಯಸ ಕುಡಿದು ಮುಗಿಸಿದ ಹುಡುಗ ಎಂಜಲು ಕೈ ಒಣಗಿಸಿಕೊಂಡು ಕೂತಿರಬೇಕು. ಭೇದವಿಲ್ಲದ ಪಂಕ್ತಿ ಅದು, ಗೌರವದ ಕ್ರಮ. ಆದರೆ ಹೊರಗೆ ಎರಡನೆಯ ಪಂಕ್ತಿಗೆ ನೂರು ಜನ ಹಸಿದು ನಿಂತಿರುವಾಗ ಆ ಗೌರವದ ಬೆಲೆ ತೆರುವವರು ಅವರು.

ಹಾಗಾದರೆ ಮತ್ತೊಂದು ಬಗೆಯ ನ್ಯಾಯ ಯಾವುದು? ಅದೂ ನಮಗೆ ಅಪರಿಚಿತವಲ್ಲ. ಊರಿಗೆ ಟ್ರಂಕ್ ಕಾಲ್ ಮಾಡುತ್ತಿದ್ದ ದಿನಗಳಲ್ಲಿ ಮೂರು ನಿಮಿಷ ಎಂಬುದೊಂದು ಅಳತೆಯಿತ್ತು. ಮೂರು ನಿಮಿಷದಲ್ಲಿ ಜಾಣರು ಮದುವೆಯ ಮಾತುಕತೆಯನ್ನೇ ಮುಗಿಸುತ್ತಿದ್ದರು, ಉಳಿದವರು “ಹಲೋ, ಕೇಳಿಸ್ತದಾ?” ಎಂಬುದರಲ್ಲೇ ಕಳೆಯುತ್ತಿದ್ದರು. ಅಳೆದದ್ದು ಮಾತನ್ನಲ್ಲ, ಹೊತ್ತನ್ನು. ಗಾಡ್‌ಫ್ರಿ ಟಾನ್ ಮತ್ತು ಜಾನ್ ಗಟಾಗ್ 2004ರಲ್ಲಿ ಅಮೆರಿಕದ ಎಂಐಟಿಯಿಂದ ವಾದಿಸಿದ್ದು ಇದನ್ನೇ. ಸರದಿಯನ್ನು ಸಮ ಮಾಡಬೇಡಿ, ಸಮಯವನ್ನು ಸಮ ಮಾಡಿ. ಮೇಲಿನ ಲೆಕ್ಕದಲ್ಲಿ ಇಬ್ಬರಿಗೂ ಅರ್ಧರ್ಧ ಸೆಕೆಂಡು ಕೊಟ್ಟರೆ ವೇಗಿಗೆ 5.5, ನಿಧಾನಿಗೆ 0.5, ಒಟ್ಟು 6. ಗಾಳಿ ಅದೇ, ಯಂತ್ರಗಳು ಅವೇ. ಹಂಚಿಕೆಯ ಅಳತೆಗೋಲನ್ನು ಬದಲಿಸಿದ್ದಕ್ಕೇ ಸಾಗಣೆ ಮೂರು ಪಟ್ಟಿಗಿಂತ ಹೆಚ್ಚಾಯಿತು.

ನಿಧಾನಿಯ ಪಾಲು 0.92ರಿಂದ 0.5ಕ್ಕೆ ಇಳಿಯಿತಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇಳಿಯಿತು, ಹೌದು. ಆದರೆ ಅವನು ತಾನೊಬ್ಬನೇ ನಿಧಾನಿಯಾಗಿದ್ದು, ಪಕ್ಕದವನೂ ತನ್ನಷ್ಟೇ ನಿಧಾನಿಯಾಗಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟು ಸಿಕ್ಕೇ ಸಿಗುತ್ತದೆ. ಇನ್ನೊಬ್ಬರ ವೇಗ ಅವನನ್ನು ತುಳಿಯುವುದಿಲ್ಲ, ಅವನ ನಿಧಾನ ಇನ್ನೊಬ್ಬರನ್ನು ಎಳೆಯುವುದಿಲ್ಲ. ಅಜ್ಜನ ಮೊಬೈಲನ್ನು ಆರಿಸಿಡುವ ಮನೆಯ ಕ್ರಮಕ್ಕಿಂತ ಇದು ಎಷ್ಟೋ ಮೇಲು ಎಂಬುದು ನಮ್ಮ ಅಭಿಪ್ರಾಯ.

ಈ ಕತೆಯಲ್ಲಿ ನಮ್ಮ ಬೆಂಗಳೂರಿಗೆ ಒಂದು ಒಳ್ಳೆಯ ಅಧ್ಯಾಯವಿದೆ. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ, 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅನುರಾಗ್ ಕುಮಾರ್ ಮತ್ತು ಅವರ ಬಳಗ ಈ ಸಾಲಿನ ಗಣಿತವನ್ನು ಬಹುಕಾಲ ಅಭ್ಯಾಸ ಮಾಡಿತು. ಅನುರಾಗ್ ಕುಮಾರ್, ಅದೇ ಸಂಸ್ಥೆಯ ಜಾಯ್ ಕುರಿ ಮತ್ತು ನಮ್ಮ ಪವಾಯಿಯ ಐಐಟಿಯ ಡಿ. ಮಂಜುನಾಥ್ ಸೇರಿ ಬರೆದ ವೈರ್‌ಲೆಸ್ ನೆಟ್‌ವರ್ಕಿಂಗ್ ಎಂಬ ಪುಸ್ತಕ 2008ರಲ್ಲಿ ಹೊರಬಂತು. ಆದರೆ ಗಣಿತಕ್ಕಿಂತ ನಮ್ಮಂಥವರಿಗೆ ಹತ್ತಿರವಾದದ್ದು ಮಾಲತಿ ಹೆಗ್ಡೆ, ಎಸ್.ವಿ.ಆರ್. ಆನಂದ್, ಅನುರಾಗ್ ಕುಮಾರ್, ಜಾಯ್ ಕುರಿ ಮೊದಲಾದವರು ಅಲ್ಲಿ ಕಟ್ಟಿದ ‘ಅಡ್ವೈಸರ್’ ಎಂಬ ಏರ್ಪಾಟು. ಅದರ ಅನುಭವಗಳನ್ನು ಅವರು 2013ರಲ್ಲಿ ಪ್ರಕಟಿಸಿದರು.

ಅವರು ಎದುರಿಸಿದ ತೊಡಕು ಒಂದಲ್ಲ, ಹಲವು. ನಿಧಾನಿ ಎಲ್ಲರನ್ನೂ ಎಳೆಯುವುದು ಮೊದಲನೆಯದು. ಇನ್ನೊಂದು ಇನ್ನೂ ಸೂಕ್ಷ್ಮ. ವೈ-ಫೈ ಪೆಟ್ಟಿಗೆಯೂ ಸಾಲಿನಲ್ಲಿ ಉಳಿದವರಂತೆ ಒಬ್ಬ; ಅದಕ್ಕೂ ಒಂದೇ ಸರದಿ. ಆದರೆ ಹತ್ತು ಜನರಿಗೆ ಬರಬೇಕಾದುದನ್ನೆಲ್ಲ ಹೊತ್ತು ನಿಂತಿರುವುದು ಅದೊಂದೇ. ಹೋಟೆಲಿನ ಒಬ್ಬನೇ ಸಪ್ಲೈಯರ್ ಹತ್ತು ಟೇಬಲ್ಲಿನ ತಟ್ಟೆಗಳನ್ನು ಹಿಡಿದು, ಗಿರಾಕಿಗಳೊಡನೆ ಅದೇ ಸಾಲಿನಲ್ಲಿ ಹನ್ನೊಂದನೆಯವನಾಗಿ ನಿಂತ ಹಾಗೆ. ಇದರಿಂದ ಫೋಟೋ, ವೀಡಿಯೋ ಮೇಲೆ ಕಳಿಸುವವರು ಮುಂದಾಗುತ್ತಾರೆ, ಕೆಳಗೆ ಇಳಿಸಿಕೊಳ್ಳುವವರು ಹಿಂದೆ ಬೀಳುತ್ತಾರೆ. ಈ ಮೇಲು-ಕೆಳಗಿನ ಅನ್ಯಾಯವನ್ನು 2003ರಲ್ಲೇ ವಿವರಿಸಿದವರಲ್ಲಿ ರಾಮಚಂದ್ರನ್ ರಾಮ್‌ಜೀ ಒಬ್ಬರು. ಅವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯಕ್ಕೆ ಬಂದರು.

ವಿಜ್ಞಾನ ಸಂಸ್ಥೆಯವರು ಇದಕ್ಕೆ ಹುಡುಕಿದ ಉಪಾಯ ನಮಗೆ ಬಹಳ ಮೆಚ್ಚಿಗೆಯಾಯಿತು. ಗಾಳಿಯ ಕಟ್ಟಳೆಯನ್ನು ಅವರು ಮುಟ್ಟಲಿಲ್ಲ. ವೈ-ಫೈ ಪೆಟ್ಟಿಗೆಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ, ತಂತಿಯ ಮೇಲೆ, ಸಾಮಾನ್ಯ ಲಿನಕ್ಸ್ ಕಂಪ್ಯೂಟರೊಂದನ್ನು ಕೂರಿಸಿದರು. ಬಂದ ಪೊಟ್ಟಣಗಳನ್ನೆಲ್ಲ ಅದು ತನ್ನಲ್ಲೇ ಬೇರೆ ಬೇರೆ ಸಾಲುಗಳಾಗಿ ನಿಲ್ಲಿಸಿಕೊಳ್ಳುತ್ತದೆ. ಯಾವ ಯಂತ್ರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಂದಾಜು ಮಾಡಿ, ಗಾಳಿ ತಾಳುವಷ್ಟೇ ವೇಗದಲ್ಲಿ ಒಂದೊಂದಾಗಿ ಬಿಡುತ್ತದೆ. ಇಂಟರ್ನೆಟ್ಟಿನ ಬಹುಪಾಲು ವ್ಯವಹಾರದಲ್ಲಿ ಕಳಿಸಿದ್ದಕ್ಕೆ ಪ್ರತಿಯಾಗಿ ರಸೀದಿ ಬರಬೇಕು, ರಸೀದಿ ತಡವಾದರೆ ಕಳಿಸುವವ ತಾನಾಗಿ ನಿಧಾನಿಸುತ್ತಾನೆ. ಆದ್ದರಿಂದ ಈ ಒಂದು ಕಡೆ ಹಿಡಿದರೆ ಎರಡೂ ದಿಕ್ಕು ಹತೋಟಿಗೆ ಬರುತ್ತದೆ. ದೇವಸ್ಥಾನದ ಊಟದ ಚಾವಡಿಯ ಒಳಗೆ ಗದ್ದಲ ಅಡಗಿಸುವುದಕ್ಕಿಂತ ಬಾಗಿಲಲ್ಲಿ ಒಬ್ಬ ಬಲ್ಲವನನ್ನು ನಿಲ್ಲಿಸುವುದು ಲೇಸೆಂದು ನಮ್ಮವರಿಗೆ ಗೊತ್ತಿದ್ದುದೇ.

ಜನಸಂದಣಿಯ ತೊಡಕು ಇನ್ನೊಂದು ಬಗೆಯದು. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಿಂದ ಆರಂಭಿಸಿ ಗೂಗಲ್ ಮತ್ತು ರೈಲ್‌ಟೆಲ್ ಸಂಸ್ಥೆಗಳು ರೈಲು ನಿಲ್ದಾಣಗಳಲ್ಲಿ ಉಚಿತ ವೈ-ಫೈ ಹಾಕುತ್ತ ಹೋದವು. ಗೂಗಲ್ ಆ ಕೆಲಸದಿಂದ ಹೊರಬರುವುದಾಗಿ 2020ರಲ್ಲಿ ಹೇಳಿತು. ನಿಲ್ದಾಣದಲ್ಲಾದರೆ ಜನ ಬರುತ್ತ ಹೋಗುತ್ತ ಇರುತ್ತಾರೆ. ನೂರು ಮಂದಿ ಒಂದೇ ಗಳಿಗೆಯಲ್ಲಿ ಒಂದನ್ನೇ ಕೇಳುವ ಜಾಗವೆಂದರೆ ತರಗತಿ. ಅಂಧೇರಿಯಿಂದ ಜೋಗೇಶ್ವರಿ-ವಿಕ್ರೋಲಿ ಲಿಂಕ್ ರಸ್ತೆ ಹಿಡಿದರೆ ಸಿಗುವ ಪವಾಯಿಯ ಐಐಟಿಯಲ್ಲಿ ಭಾಸ್ಕರನ್ ರಾಮನ್, ಮೈಥಿಲಿ ವುಟುಕೂರು ಮತ್ತು ಅವರ ವಿದ್ಯಾರ್ಥಿನಿ ಮುಕುಲಿಕಾ ಮೈತಿ 2010ರ ದಶಕದ ನಡುವೆ ಈ ಬಗೆಯ ಸಂದಣಿಯನ್ನು ಪರೀಕ್ಷಿಸಿದರು. ಎಲ್ಲರೂ ಒಮ್ಮೆಗೇ ಇಳಿಸಿಕೊಳ್ಳಲು ಹೊರಟರೆ ಎಲ್ಲರ ರಸೀದಿಗಳೂ ಗಾಳಿಯಲ್ಲಿ ಡಿಕ್ಕಿಯಾಗುತ್ತವೆ, ಒಟ್ಟು ಸಾಗಣೆಯೇ ಕುಸಿಯುತ್ತದೆ. ಅವರು ಕಂಡುಕೊಂಡ ದಾರಿಯೂ ಪಂಕ್ತಿಯದೇ. ಒಂದು ಹೊತ್ತಿಗೆ ಕೆಲವರನ್ನು ಮಾತ್ರ ಬಿಡುವುದು, ಅವರನ್ನು ಎಬ್ಬಿಸಿ ಮುಂದಿನವರನ್ನು ಕೂರಿಸುವುದು, ಹೀಗೆ ಸುತ್ತುತ್ತಿರುವುದು. ಕಾಯುವವನಿಗೆ ಕಾದಂತೆ ಕಂಡರೂ ಎಲ್ಲರ ಊಟವೂ ಬೇಗ ಮುಗಿಯುತ್ತದೆ.

ಸಮಯವನ್ನು ಸಮ ಮಾಡುವ ವಿದ್ಯೆ ಮನೆಯ ಪೆಟ್ಟಿಗೆಯೊಳಗೆ ಇಳಿದದ್ದು ತಡವಾಗಿ. ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯದ ಟೋಕೆ ಹೋಯ್ಲಾಂಡ್-ಯೋರ್ಗೆನ್‌ಸೆನ್ ಮತ್ತು ಸಂಗಡಿಗರು 2017ರಲ್ಲಿ ಅದನ್ನು ಲಿನಕ್ಸಿನ ವೈ-ಫೈ ಭಾಗದಲ್ಲೇ ಅಳವಡಿಸಿ ತೋರಿಸಿದರು. ಗ್ರೆನೋಬಲ್ಲಿನವರು ದೋಷವನ್ನು ಹೇಳಿ ಹದಿನಾಲ್ಕು ವರ್ಷವಾಗಿತ್ತು. ಅವರ ಜೊತೆಗಾರರಲ್ಲಿ ಒಬ್ಬರಾದ ಡೇವ್ ಟಾಟ್ 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮನೆಯ ಪೆಟ್ಟಿಗೆಗಳ ಮಂದಗತಿಯ ಮೇಲೆ ವರ್ಷಗಟ್ಟಲೆ ಹೋರಾಡಿದ ಮನುಷ್ಯ. ಬಹುಮಂದಿ ತಯಾರಕರ ಪೆಟ್ಟಿಗೆಗಳ ಒಳಗೆ ಓಡುವುದು ಲಿನಕ್ಸೇ. ಆದರೆ ಎಲ್ಲ ಪೆಟ್ಟಿಗೆಗಳಲ್ಲೂ ಹೊಸ ಕಟ್ಟಳೆ ಇದೆಯೆಂದು ತಿಳಿಯಬಾರದು. ಕೊಳ್ಳುವಾಗ ಅಂಗಡಿಯವನಲ್ಲಿ ‘ಏರ್‌ಟೈಮ್ ಫೇರ್‌ನೆಸ್’ ಉಂಟೇ ಎಂದು ಕೇಳಿ ನೋಡಬಹುದು. ಅವನಿಗೆ ಗೊತ್ತಿಲ್ಲದಿದ್ದರೆ ಡಬ್ಬದ ಒಳಗಿನ ಕಾಗದ ಓದಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನಿಧಾನಿ ಯಾಕೆ ನಿಧಾನಿಯಾದ ಎಂಬ ಪ್ರಶ್ನೆ ಉಳಿಯುತ್ತದೆ. ಮೊಬೈಲು ಹಳತೆಂಬುದು ಅರ್ಧ ಕಾರಣ. ಉಳಿದರ್ಧ ನಮ್ಮ ಫ್ಲಾಟುಗಳ ವಾಸ್ತುವಿನಲ್ಲಿದೆ. ಕೇಬಲ್ಲಿನವನು ಬಾಗಿಲ ಹತ್ತಿರ, ಟೀವಿಯ ಮೇಲೆ ಪೆಟ್ಟಿಗೆಯನ್ನು ಹೊಡೆದು ಹೋಗುತ್ತಾನೆ. ಅಲ್ಲಿಂದ ಅತಿ ದೂರದಲ್ಲಿ, ಎರಡು ಮೂರು ಗೋಡೆಗಳಾಚೆ ಇರುವುದು ಅಡಿಗೆಮನೆ ಮತ್ತು ಹಿಂದಿನ ಕೋಣೆ. ಅಂದರೆ ಮನೆಯ ತಾಯಿಯೂ ಹಿರಿಯರೂ ಇರುವ ಜಾಗ. ಸಮಯ ಸಮನಾಗಿ ಹಂಚಿದರೂ ಅವರ ಸಮಯದಲ್ಲಿ ಸಾಗುವುದು ಕಡಿಮೆಯೇ. ಇದಕ್ಕೆ ಬೆಂಗಳೂರಿನ ಗಣಿತವೂ ಬೇಡ, ಸ್ವೀಡನ್ನಿನ ವಿದ್ಯೆಯೂ ಬೇಡ. ಹತ್ತು ಮೀಟರ್ ವಯರು, ನಾಲ್ಕು ಮೊಳೆ ಸಾಕು, ಪೆಟ್ಟಿಗೆ ಮನೆಯ ನಡುವಿಗೆ ಬರುತ್ತದೆ.

ನೆರೆಮನೆಯ ಪೆಟ್ಟಿಗೆಗಳದು ಬೇರೆಯೇ ವಿಚಾರ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಅಂಧೇರಿಯ ಒಂದು ಮಹಡಿಯಲ್ಲಿ ನಿಂತು ಮೊಬೈಲು ತೆರೆದರೆ ಕಾಣುವ ಹೆಸರುಗಳು ಹದಿನೈದು ಇಪ್ಪತ್ತು. ಅವರೆಲ್ಲ ಒಂದೇ ಗಾಳಿಯ ಪಾಲುದಾರರು. ಒಂದು ಪೆಟ್ಟಿಗೆ ತನ್ನ ಮನೆಯೊಳಗೆ ಎಷ್ಟೇ ನ್ಯಾಯವಾಗಿ ಹಂಚಿದರೂ ಪಕ್ಕದ ಪೆಟ್ಟಿಗೆಯ ಮೇಲೆ ಅದರ ಅಧಿಕಾರ ನಡೆಯದು. ಸರಕಾರ 2018ರಲ್ಲಿ 5 ಗಿಗಾಹರ್ಟ್ಸ್‌ನ ವಿಶಾಲವಾದ ಪಟ್ಟಿಯನ್ನು ಲೈಸೆನ್ಸಿನಿಂದ ಬಿಡುಗಡೆ ಮಾಡಿದ್ದರಿಂದ ಹೊಸ ಯಂತ್ರಗಳಿಗೆ ಉಸಿರಾಡಲು ಜಾಗ ಸಿಕ್ಕಿತು; ಆದರೆ ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ, ಹಳೆಯ ಮೊಬೈಲುಗಳಲ್ಲಿ ಹಲವಕ್ಕೆ ಅದು ಹಿಡಿಯುವುದೇ ಇಲ್ಲ. ಹಾಗಾಗಿ ಹಿಂದಿನ ಕೋಣೆಯವರು ಇನ್ನೂ ಆ ಮೂರು ಚಾನೆಲ್‌ಗಳಲ್ಲೇ ಉಳಿದಿದ್ದಾರೆ. ಹೌಸಿಂಗ್ ಸೊಸೈಟಿಗಳ ವಾರ್ಷಿಕ ಸಭೆಗಳಲ್ಲಿ ಪಾರ್ಕಿಂಗ್, ನೀರಿನ ಟ್ಯಾಂಕಿ, ಲಿಫ್ಟಿನ ರಿಪೇರಿಗಳ ಚರ್ಚೆ ನಡುರಾತ್ರಿಯ ತನಕ ನಡೆದದ್ದನ್ನು ಕಂಡಿದ್ದೇವೆ. ಯಾವ ಮನೆಗೆ ಯಾವ ಚಾನೆಲ್ ಎಂಬ ವಿಷಯವನ್ನು ಯಾವ ಸೊಸೈಟಿಯ ಅಜೆಂಡಾದಲ್ಲೂ ನಾವು ಈ ತನಕ ಕಂಡಿಲ್ಲ.